ಸಂಕ್ರಾಂತಿಗೆ ಮನೆಯಲ್ಲೇ ಎರೆದ ಸಕ್ಕರೆ ಅಚ್ಚು

ಈ ಸಲದ ಸಂಕ್ರಾಂತಿಗೆ ಎಳ್ಳಿನ ತಟ್ಟೆಯಲ್ಲಿಟ್ಟು ಬೀರುವ ಸಕ್ಕರೆ ಅಚ್ಚುಗಳನ್ನೆಲ್ಲ ನಾವು ಮನೆಯಲ್ಲಿಯೇ ಎರೆದು ಮುಗಿಸಿದೆವು. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯಿಂದಲೇ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿದ ಅಚ್ಚುಗಳು ಸಿಗುವುದರಿಂದ ಮನೆಯಲ್ಲಿ ಎರೆಯುವವರು ಬಹಳ ಕಡಿಮೆಯಾಗಿದ್ದಾರೆ. ಎರೆಯಬೇಕೆಂದು ಹೊರಟವರಿಗೆ ಸಕ್ಕರೆ ಎಷ್ಟು, ನೀರು ಎಷ್ಟು ಎಂಬ ಅಳತೆ ಎಲ್ಲಿ ಬೇಕಾದರೂ ದೊರೆಯುತ್ತದೆ. ಆದರೆ ಎಲ್ಲಿ ಎಷ್ಟು ಹೊತ್ತು ಕಾಯಬೇಕು, ಮರದ ಅಚ್ಚುಗಳು ಎಂತಹ ತೊಂದರೆ ಕೊಡುತ್ತವೆ, ಮೋಡ ಕವಿದ ದಿನ ಏನಾಗುತ್ತದೆ ಎಂಬುದನ್ನು ಹೇಳುವವರು ಸಿಗುವುದಿಲ್ಲ. ಮುಂದಿನ ವರ್ಷ ಈ ಕೆಲಸಕ್ಕೆ ಕೈಹಾಕುವವರಿಗೆ ಅನುಕೂಲವಾಗಲೆಂದು, ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ನಡೆದ ಕ್ರಮದಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಮಗಳಿಗೆ ಇದು ಮೊದಲ ಸಂಕ್ರಾಂತಿ. ಮಗುವನ್ನು ಮಣೆಯ ಮೇಲೆ ಕೂರಿಸಿ, ಎಳಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿ ತಲೆಯ ಮೇಲಿಂದ ಎರೆದು ಆರತಿ ಎತ್ತುವ ಪದ್ಧತಿ ನಮ್ಮಲ್ಲಿದೆ. ಆ ಸಂಜೆ ಬರುವ ಮುತ್ತೈದೆಯರಿಗೂ ಮಕ್ಕಳಿಗೂ ಕೊಡುವ ಅಚ್ಚುಗಳು ಮನೆಯಲ್ಲಿ ಮಾಡಿದವೇ ಆಗಿರಲಿ ಎಂಬುದು ನನ್ನ ಅತ್ತೆಯವರ ಆಸೆಯಾಗಿತ್ತು. ಮೈಸೂರಿನ ತಮ್ಮ ತವರಿನಿಂದ ಅವರು ತಂದಿದ್ದ ತೇಗದ ಮರದ ಅಚ್ಚುಗಳು ಅಟ್ಟದ ಮೇಲೆ ಬಟ್ಟೆಯ ಗಂಟಿನಲ್ಲಿದ್ದವು. ಮೊಣಕಾಲು ನೋವಿನಿಂದಾಗಿ ಬಹಳ ಹೊತ್ತು ಒಲೆಯ ಮುಂದೆ ನಿಲ್ಲಲು ಅವರಿಗೆ ಆಗುವುದಿಲ್ಲ. ಅವರು ಕುರ್ಚಿಯಲ್ಲಿ ಕುಳಿತು ಹೇಳುವುದು, ನಾನು ಮತ್ತು ನಾದಿನಿ ಮಾಡುವುದು, ಅಚ್ಚು ಕಟ್ಟಿ ಕೊಡುವುದು ನನ್ನ ಗಂಡನ ಪಾಲು ಎಂದು ಮೊದಲೇ ಗೊತ್ತುಮಾಡಿಕೊಂಡೆವು. ಒಬ್ಬರೇ ಮಾಡಬಹುದಾದ ಕೆಲಸ ಇದಲ್ಲ. ಪಾಕ ಕೈಯಲ್ಲಿರುವಾಗ ಅಚ್ಚು ಹಿಡಿಯಲು ಇನ್ನೊಬ್ಬರು ಇರಲೇಬೇಕು.

ಗಂಟು ಬಿಚ್ಚಿದಾಗಲೇ ಮೊದಲ ಅಡಚಣೆ ಎದುರಾಯಿತು. ಒಂದೊಂದು ಅಚ್ಚೂ ಎರಡು ಹೋಳುಗಳದ್ದು, ಕೆಲವು ಮೂರು ಹೋಳುಗಳದ್ದು. ಆನೆ, ಹಂಸ, ಮೀನು, ತುಳಸಿಕಟ್ಟೆ, ಗೋಪುರ, ಹೂಬುಟ್ಟಿ ಎಲ್ಲವೂ ಇದ್ದವು. ಆದರೆ ಯಾವ ಹೋಳಿಗೆ ಯಾವುದು ಜೋಡಿ ಎಂದು ತಿಳಿಯುವ ಗುರುತು ಒಂದರ ಮೇಲೂ ಇರಲಿಲ್ಲ. ಹೋಳುಗಳನ್ನು ಕೂಡಿಸುವ ಸಣ್ಣ ಮರದ ಮೊಳೆಗಳು ಕೆಲವದರಲ್ಲಿ ಮುರಿದುಹೋಗಿದ್ದವು. ಗೋಪುರದ ಒಂದು ಹೋಳು ಒಣಗಿ ಸೊಟ್ಟಗಾಗಿತ್ತು, ಜೋಡಿಸಿ ಬೆಳಕಿಗೆ ಹಿಡಿದರೆ ನಡುವೆ ಸಂದು ಕಾಣುತ್ತಿತ್ತು. ಬಿಸಿ ಪಾಕ ಅಂತಹ ಸಂದಿನಿಂದ ಸೋರಿಹೋಗುತ್ತದೆ. ಆದ್ದರಿಂದ ಹಳೆಯ ಅಚ್ಚು ಇರುವವರು ಹಬ್ಬಕ್ಕೆ ಒಂದು ತಿಂಗಳು ಮೊದಲೇ ಅವನ್ನು ಹೊರಗೆ ತೆಗೆದು, ಒಂದೊಂದು ಜೋಡಿಯನ್ನೂ ಕೂಡಿಸಿ ಬೆಳಕಿಗೆ ಹಿಡಿದು ನೋಡಬೇಕು. ಸಂಕ್ರಾಂತಿಯ ವಾರದಲ್ಲಿ ಬಡಗಿಯನ್ನು ಹುಡುಕಲು ಹೊರಟರೆ ಕೆಲಸ ಆಗುವುದಿಲ್ಲ. ನಮಗೆ ಸಿಕ್ಕ ಬಡಗಿ ಹಿರಿಯರು; ಮೊಳೆಗಳನ್ನು ಹೊಸದಾಗಿ ಕೂರಿಸಿ, ಸೊಟ್ಟಗಾದ ಹೋಳಿನ ಅಂಚನ್ನು ಉಜ್ಜಿ ಸಮ ಮಾಡಿಕೊಟ್ಟರು. ಅವರೇ ಒಂದು ಮಾತು ಹೇಳಿದರು: ಕೆತ್ತನೆಯ ಒಳಭಾಗಕ್ಕೆ ಉಪ್ಪುಕಾಗದ ಮುಟ್ಟಿಸಬಾರದು, ಮುಟ್ಟಿಸಿದರೆ ಆನೆಯ ಕಣ್ಣು, ಹಂಸದ ಗರಿ ಎಲ್ಲ ಮಾಸಿಹೋಗುತ್ತವೆ. ಒಳಗೆ ಅಂಟಿದ್ದ ಹಳೆಯ ಸಕ್ಕರೆಯನ್ನು ಬಿಸಿನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆವು.

ಅಚ್ಚುಗಳೇ ಇಲ್ಲದವರು ಗಾಂಧಿಬಜಾರ್, ಮಲ್ಲೇಶ್ವರ, ಮೈಸೂರಿನ ದೇವರಾಜ ಮಾರುಕಟ್ಟೆಯ ಕಡೆ ವಿಚಾರಿಸಬಹುದು. ಒಂದು ಚಿಕ್ಕ ಜೋಡಿಗೆ ನಾವು 250 ರೂಪಾಯಿ ಕೊಟ್ಟೆವು. ಕೊಳ್ಳುವಾಗ ತೂಕವನ್ನು ಗಮನಿಸಬೇಕು. ಹಗುರವಾದ ಮರದ ಅಚ್ಚುಗಳು ನೋಡಲು ಚೆನ್ನಾಗಿದ್ದರೂ ನೀರಿನಲ್ಲಿ ನೆನೆದಾಗ ಬೇಗ ಉಬ್ಬಿ ಬಾಗುತ್ತವೆ. ಸಿಲಿಕೋನ್ ಅಚ್ಚುಗಳೂ ಸಿಗುತ್ತವೆ, ಅವುಗಳಿಂದ ಬಿಡಿಸುವುದು ಸುಲಭ. ಆದರೆ ಎರಡೂ ಬದಿಯಲ್ಲಿ ರೂಪವಿದ್ದು ತಟ್ಟೆಯ ಮೇಲೆ ನೆಟ್ಟಗೆ ನಿಲ್ಲುವ ಆನೆ ಬೇಕಾದರೆ ಮರದ ಜೋಡಿ ಅಚ್ಚೇ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಬಡಗಿಯ ಮನೆಯಿಂದ ಅಚ್ಚುಗಳು ಬರುವವರೆಗೆ ಎಳ್ಳು ಬೆಲ್ಲದ ಕೆಲಸ ನಡೆಯಿತು. ಇದನ್ನು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅಚ್ಚು ಎರೆಯುವ ದಿನಗಳಲ್ಲಿ ಬೇರೆ ಯಾವುದಕ್ಕೂ ಕೈ ಬಿಡುವಾಗುವುದಿಲ್ಲ. ಕೊಬ್ಬರಿಯ ಕಂದು ಸಿಪ್ಪೆಯನ್ನು ಹೆರೆದು, ಬಿಳಿಯ ತಿರುಳನ್ನು ಸಣ್ಣಗೆ ಹೆಚ್ಚಿ, ಬೆಲ್ಲವನ್ನೂ ಅದೇ ಗಾತ್ರಕ್ಕೆ ಹೆಚ್ಚಿ, ಎರಡನ್ನೂ ಬೇರೆ ಬೇರೆ ಬಟ್ಟೆಯ ಮೇಲೆ ಬಿಸಿಲಿಗೆ ಹರಡಿದೆವು. ಬೆಲ್ಲದ ತೇವ ಆರದೆ ಬೆರೆಸಿದರೆ ಹುರಿಗಡಲೆ ಮೆತ್ತಗಾಗಿ ಎಲ್ಲವೂ ಅಂಟಿಕೊಳ್ಳುತ್ತದೆ. ಕಡಲೆಕಾಯಿ ಬೀಜವನ್ನು ಹುರಿದು ಸಿಪ್ಪೆ ತೆಗೆದು ಬೇಳೆ ಮಾಡಿದ್ದಾಯಿತು. ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಮಾತ್ರ ಹುರಿದು ಇಳಿಸಿದೆವು. ಕೊಬ್ಬರಿ ಹೆಚ್ಚುವುದು ಬೆರಳು ನೋಯುವ ಕೆಲಸ, ಆದರೆ ಸಂಜೆಯ ಹೊತ್ತು ಎಲ್ಲರೂ ಕೂಡಿ ಕುಳಿತರೆ ಆಯಾಸ ತಿಳಿಯುವುದಿಲ್ಲ.

ಇನ್ನು ಸಕ್ಕರೆಯ ವಿಷಯ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸಕ್ಕರೆಯಲ್ಲಿ ಎಲ್ಲವೂ ಒಂದೇ ಬಿಳುಪಿನದ್ದಲ್ಲ. ಸ್ವಲ್ಪ ಹಳದಿ ಛಾಯೆಯಿರುವ ಸಕ್ಕರೆಯಿಂದಲೂ ಅಚ್ಚು ಕಟ್ಟುತ್ತದೆ, ಆದರೆ ಹಾಲಿನ ಬಿಳುಪು ಬರುವುದಿಲ್ಲ. ಒಂದು ಚಮಚ ಸಕ್ಕರೆಯನ್ನು ಗಾಜಿನ ಲೋಟದ ನೀರಿನಲ್ಲಿ ಕರಗಿಸಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಿ ಕೊಳ್ಳುವಂತೆ ಅತ್ತೆ ಹೇಳಿದರು. ಹಾಗೆ ನೋಡಿದಾಗ ಎರಡು ಅಂಗಡಿಗಳ ಸಕ್ಕರೆಯ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ಬೆಲೆ ಕೆ.ಜಿ.ಗೆ 45 ರೂಪಾಯಿಯಿಂದ 60 ರೂಪಾಯಿಯವರೆಗಿತ್ತು. ಶುದ್ಧೀಕರಿಸಿದ ಹೆಚ್ಚು ಬೆಲೆಯ ಸಕ್ಕರೆಯನ್ನೇ ತಂದೆವು, ಅದಕ್ಕೆ ಕೊಟ್ಟ ಹಣ ವ್ಯರ್ಥವಾಗಲಿಲ್ಲ.

ಮೊದಲ ಹಂತ ಪಾಕದ ಕೊಳೆ ತೆಗೆಯುವುದು. ಒಂದು ಕೆ.ಜಿ. ಸಕ್ಕರೆಗೆ ಸುಮಾರು ಅರ್ಧ ಲೀಟರ್ ನೀರು ಹಾಕಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಪೂರ್ತಿಯಾಗಿ ಕರಗಿಸಬೇಕು. ಕುದಿ ಬಂದ ಮೇಲೆ ಎರಡು ಚಮಚ ಹಾಲು ಹಾಕಿದರೆ, ಹಾಲಿನ ಅಂಶ ಒಡೆದು ಸಕ್ಕರೆಯಲ್ಲಿರುವ ಕಸವನ್ನು ಹಿಡಿದುಕೊಂಡು ಬೂದು ಬಣ್ಣದ ನೊರೆಯಾಗಿ ಮೇಲೆ ಬರುತ್ತದೆ. ಆ ನೊರೆಯನ್ನು ಕಲಕದೆ, ಅಂಚಿಗೆ ಸರಿಸಿ ಚಮಚದಿಂದ ತೆಗೆಯಬೇಕು. ಎರಡನೆಯ ಸಲ ಹಾಲು ಹಾಕಿದಾಗ ಬರುವ ನೊರೆ ಬಹುತೇಕ ಬಿಳಿಯಾಗಿರುತ್ತದೆ, ಆಗ ನಿಲ್ಲಿಸಬಹುದು. ಅನಂತರ ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆಯಲ್ಲಿ ಸೋಸಿದರೆ ತಿಳಿಯಾದ ಪಾಕ ಸಿದ್ಧ. ಈ ತಿಳಿಪಾಕವನ್ನು ಮುಚ್ಚಿಟ್ಟುಕೊಂಡು ಮರುದಿನವೂ ಬಳಸಬಹುದು. ಹಾಗಾಗಿ ಇಷ್ಟನ್ನು ಹಿಂದಿನ ದಿನವೇ ಮುಗಿಸಿ, ಎರೆಯುವ ದಿನಕ್ಕೆ ಶಕ್ತಿ ಉಳಿಸಿಕೊಳ್ಳಿ.

ಅದೇ ರಾತ್ರಿ ಮರದ ಅಚ್ಚುಗಳನ್ನು ನೀರಿನಲ್ಲಿ ಮುಳುಗಿಸಿಟ್ಟೆವು. ಒಣ ಮರ ಪಾಕವನ್ನು ಹೀರಿಕೊಂಡು ಅಚ್ಚನ್ನು ಕಚ್ಚಿಹಿಡಿಯುತ್ತದೆ. ನೀರು ಕುಡಿದ ಮರಕ್ಕೆ ಸಕ್ಕರೆ ಅಂಟುವುದಿಲ್ಲ. ಬೆಳಿಗ್ಗೆ ಹೊರತೆಗೆದು ಒಳಗಿನ ನೀರನ್ನು ಬಟ್ಟೆಯಿಂದ ಒತ್ತಿ ಒರೆಸಿ, ಜೋಡಿಗಳನ್ನು ಕೂಡಿಸಿ ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ, ತೂತು ಮೇಲಕ್ಕೆ ಬರುವಂತೆ ಒದ್ದೆ ಬಟ್ಟೆ ಹಾಸಿದ ತಟ್ಟೆಯಲ್ಲಿ ನಿಲ್ಲಿಸಬೇಕು. ಒಳಗೆ ನೀರಿನ ಹನಿ ಉಳಿದರೆ ಆ ಜಾಗದಲ್ಲಿ ಸಕ್ಕರೆ ಕರಗಿ ಕುಳಿ ಬೀಳುತ್ತದೆ.

ಈಗ ಇಡೀ ಕೆಲಸದ ಜೀವಾಳವಾದ ಹಂತಕ್ಕೆ ಬರುತ್ತೇನೆ. ತಿಳಿಪಾಕವನ್ನೆಲ್ಲ ಒಟ್ಟಿಗೆ ಒಲೆಯ ಮೇಲಿಡುವಂತಿಲ್ಲ. ಒಂದು ಸಲಕ್ಕೆ ಎರಡು ಮೂರು ಅಚ್ಚು ತುಂಬುವಷ್ಟು, ಅಂದರೆ ಒಂದೂವರೆ ಸೌಟಿನಷ್ಟು ಪಾಕವನ್ನು ಮಾತ್ರ ಹಿಡಿಯಿರುವ ಪುಟ್ಟ ಬಾಣಲೆಗೆ ಹಾಕಿ ಕಾಯಿಸಬೇಕು. ಅದಕ್ಕೆ ಎರಡು ಮೂರು ಹನಿ ನಿಂಬೆರಸ. ಮೊದಲು ದೊಡ್ಡ ಗುಳ್ಳೆಗಳು ಬರುತ್ತವೆ, ಅನಂತರ ಗುಳ್ಳೆಗಳು ಚಿಕ್ಕದಾಗಿ ಒತ್ತೊತ್ತಾಗಿ ಪಾಕ ಉಕ್ಕಿ ಬರುತ್ತದೆ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಗಬೇಕು. ಆ ಹದ ಬಂದೊಡನೆ ಉರಿಯನ್ನು ತೀರಾ ತಗ್ಗಿಸಿ, ಚಮಚದ ಹಿಂಬದಿಯಿಂದ ಪಾಕವನ್ನು ಬಾಣಲೆಯ ಅಂಚಿಗೆ ಉಜ್ಜುತ್ತಾ ಇರಬೇಕು. ಅಂಚಿನಲ್ಲಿ ಬಿಳಿಯ ಗೆರೆ ಮೂಡುತ್ತದೆ. ಆ ಬಿಳುಪನ್ನು ಮತ್ತೆ ಪಾಕಕ್ಕೆ ಬೆರೆಸಬೇಕು, ಮತ್ತೆ ಉಜ್ಜಬೇಕು. ಕನ್ನಡಿಯಂತಿದ್ದ ಪಾಕ ನೋಡನೋಡುತ್ತಿದ್ದಂತೆ ಮಸುಕಾಗಿ, ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅದೇ ಕ್ಷಣಕ್ಕೆ ಅಚ್ಚಿಗೆ ಸುರಿಯಬೇಕು. ಮೊದಲೇ ಸುರಿದರೆ ಒಳಗೆ ಕಟ್ಟದೆ ಅಂಟಾಗಿ ಉಳಿಯುತ್ತದೆ, ಅರೆಕ್ಷಣ ತಡವಾದರೆ ಬಾಣಲೆಯಲ್ಲಿಯೇ ಪುಡಿಯಾಗಿ ನಿಲ್ಲುತ್ತದೆ. ಅತ್ತೆಯವರು ಕುರ್ಚಿಯಿಂದಲೇ ಬಾಣಲೆಯನ್ನು ನೋಡುತ್ತಾ "ಈಗ" ಎಂದು ಹೇಳುತ್ತಿದ್ದರು. ಅವರ ಆ ಒಂದು ಮಾತಿಗಾಗಿ ನಾವಿಬ್ಬರೂ ಉಸಿರು ಹಿಡಿದು ಕಾಯುತ್ತಿದ್ದೆವು. ಮೊದಲ ಹಂಸ ಕೊಕ್ಕು ಮುರಿಯದೆ ಹೊರಬಂದಾಗ ನನಗಾದ ಸಂತೋಷವನ್ನು ಮಾತಿನಲ್ಲಿ ಹೇಳಲಾರೆ.

ಇದು ಏಕೆ ಹೀಗೆ ಎಂದು ತಿಳಿದಿದ್ದರೆ ಹದ ಹಿಡಿಯುವುದು ಸುಲಭವಾಗುತ್ತದೆ. ತಣ್ಣನೆಯ 100 ಮಿ.ಲೀ. ನೀರಿನಲ್ಲಿ ಕರಗುವುದು ಸುಮಾರು 200 ಗ್ರಾಂ ಸಕ್ಕರೆ ಮಾತ್ರ. ಕುದಿಯುವ ನೀರಿನಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚು ಕರಗುತ್ತದೆ. ನೀರು ಆವಿಯಾಗುತ್ತಾ ಹೋದಂತೆ ಪಾಕದಲ್ಲಿ ಹಿಡಿಸಲಾರದಷ್ಟು ಸಕ್ಕರೆ ಇರುತ್ತದೆ, ಅದು ಹೊರಬರಲು ನೆಪಕ್ಕಾಗಿ ಕಾಯುತ್ತಿರುತ್ತದೆ. ಅಂಚಿಗೆ ಉಜ್ಜಿದಾಗ ಹುಟ್ಟುವ ಸಣ್ಣ ಹರಳುಗಳೇ ಆ ನೆಪ. ಹರಳುಗಳು ಒಮ್ಮೆಗೇ ಅಸಂಖ್ಯವಾಗಿ ಹುಟ್ಟಿದರೆ ಅಚ್ಚು ನುಣುಪಾಗಿ ಬಿಳಿಯಾಗುತ್ತದೆ, ಕೆಲವೇ ಹುಟ್ಟಿ ದೊಡ್ಡದಾಗಿ ಬೆಳೆದರೆ ತರಿತರಿಯಾಗುತ್ತದೆ. ನಿಂಬೆರಸ ಸಕ್ಕರೆಯ ಸ್ವಲ್ಪ ಭಾಗವನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅವು ಹರಳು ದಪ್ಪವಾಗಿ ಬೆಳೆಯದಂತೆ ತಡೆಯುತ್ತವೆ. ಆದ್ದರಿಂದ ನಿಂಬೆ ಬೇಕು. ಆದರೆ ಹನಿಗಳ ಬದಲು ಅರ್ಧ ಹೋಳು ಹಿಂಡಿದರೆ ಪಾಕ ಎಷ್ಟು ಕಾಯಿಸಿದರೂ ಕಟ್ಟುವುದಿಲ್ಲ.

ಉಷ್ಣತಾಮಾಪಕ ಬಳಸುವವರಿಗೆ ಒಂದು ಎಚ್ಚರಿಕೆ. ಮೆತ್ತನೆಯ ಉಂಡೆ ಪಾಕಕ್ಕೆ 112ರಿಂದ 116 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿರುವುದು ಸಮುದ್ರಮಟ್ಟದ ಊರುಗಳಿಗೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಪಾಕದ ಹದಕ್ಕೂ ಅಷ್ಟೇ ಡಿಗ್ರಿ ಕಳೆಯಬೇಕು. ಮೊದಲು ಬರಿಯ ನೀರನ್ನು ಕುದಿಸಿ ಮಾಪಕ ಎಷ್ಟು ತೋರಿಸುತ್ತದೆ ಎಂದು ನೋಡಿಕೊಂಡು, 100ಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ಕಳೆದರೆ ಸರಿಹೋಗುತ್ತದೆ. ಮಂಗಳೂರಿನವರಿಗೆ ಈ ಲೆಕ್ಕ ಬೇಡ. ಆದರೆ ಹಾಲು ಬಣ್ಣಕ್ಕೆ ತಿರುಗುವ ಕ್ಷಣವನ್ನು ಯಾವ ಮಾಪಕವೂ ಹೇಳುವುದಿಲ್ಲ, ಅದಕ್ಕೆ ಕಣ್ಣೇ ಬೇಕು.

ಸುರಿದ ಮೇಲೆ ಏಳೆಂಟು ನಿಮಿಷ ಅಚ್ಚನ್ನು ಅಲುಗಿಸಬಾರದು. ಮರದ ಹೊರಮೈ ಬೆಚ್ಚಗಾಗಿ ಮತ್ತೆ ತಣಿಯತೊಡಗಿದಾಗ ರಬ್ಬರ್ ಬ್ಯಾಂಡ್ ತೆಗೆದು, ಹೋಳುಗಳನ್ನು ಎಳೆಯದೆ ಮೆಲ್ಲಗೆ ಪಕ್ಕಕ್ಕೆ ತಟ್ಟಿದರೆ ತಾನಾಗಿ ಬಿಡುತ್ತದೆ. ಆನೆಯ ಸೊಂಡಿಲು, ಹಂಸದ ಕೊರಳು ಮುರಿಯುವುದು ಈ ಹಂತದಲ್ಲಿಯೇ. ಪ್ರತಿ ಎರಕದ ನಂತರ ಅಚ್ಚನ್ನು ಮತ್ತೆ ನೀರಿಗೆ ಹಾಕಿ ಒರೆಸಿಕೊಳ್ಳಬೇಕು, ಇದನ್ನು ಬಿಟ್ಟರೆ ಮುಂದಿನದು ಕಚ್ಚಿಕೊಳ್ಳುತ್ತದೆ. ಹೀಗೆ ಒಂದು ಬಾರಿಗೆ ಎರಡು ಮೂರೇ ಅಚ್ಚು ಆಗುವುದರಿಂದ ಒಂದು ಕೆ.ಜಿ. ಸಕ್ಕರೆ ಮುಗಿಯಲು ಅರ್ಧ ದಿನ ಹಿಡಿಯುತ್ತದೆ. ಅವಸರವಿರುವ ದಿನ ಒಲೆ ಹಚ್ಚಲೇಬೇಡಿ.

ಮುರಿದ ಚೂರುಗಳನ್ನೂ ಬಾಣಲೆಗೆ ಹತ್ತಿದ ಪುಡಿಯನ್ನೂ ಸ್ವಲ್ಪ ನೀರು ಹಾಕಿ ಕರಗಿಸಿ ಮತ್ತೆ ಎರೆಯಬಹುದು. ಆದರೆ ಪ್ರತಿ ಸಲ ಕಾಯಿಸಿದಾಗಲೂ ಬಣ್ಣ ಕಂದುತ್ತದೆ, ಹುಳಿಯ ಅಂಶ ಒಳಗೇ ಇರುವುದರಿಂದ ಅಂಟೂ ಹೆಚ್ಚುತ್ತದೆ. ಒಮ್ಮೆ ಮರು ಎರಕ ಮಾಡಿದ ನಂತರವೂ ಉಳಿದದ್ದನ್ನು ಕಾಫಿಗೋ ಪಾಯಸಕ್ಕೋ ಇಟ್ಟುಕೊಳ್ಳುವುದೇ ಲೇಸು. ಬಣ್ಣದ ಅಚ್ಚು ಬೇಕೆಂದು ನಾದಿನಿ ಕೇಳಿದ್ದಕ್ಕೆ, ಹಾಲಿನಲ್ಲಿ ನೆನೆಸಿದ ಕೇಸರಿಯನ್ನು ಮರು ಎರಕದ ಪಾಕಕ್ಕೆ ಬೆರೆಸಿದೆವು. ಕಂದಿದ ಬಣ್ಣ ಅದರಲ್ಲಿ ಮುಚ್ಚಿಹೋಯಿತು, ನಾಲ್ಕು ಹಳದಿ ಮೀನುಗಳು ತಟ್ಟೆಗೆ ಬಂದವು.

ಎಲ್ಲಕ್ಕಿಂತ ಹೆಚ್ಚು ಕಂಗೆಡಿಸಿದ್ದು ಹವೆ. ಹಬ್ಬಕ್ಕೆ ಕೆಲವು ದಿನ ಮುಂಚೆ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿಯಿತು. ಹಿಂದಿನ ದಿನ ಚೆನ್ನಾಗಿ ಬಂದಿದ್ದ ಅದೇ ಪಾಕ, ಅದೇ ಕೈ, ಅದೇ ಅಚ್ಚು; ಆದರೂ ಬಿಡಿಸಿದ ಅಚ್ಚುಗಳ ಮೈ ಬೆವರಿದಂತೆ ಅಂಟಾಯಿತು. ಹೊರಗಿಟ್ಟಿದ್ದ ಒಳ್ಳೆಯ ಅಚ್ಚುಗಳೂ ಹೊಳಪು ಕಳೆದುಕೊಂಡವು. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಅತ್ತೆಯವರು ಆ ದಿನ ಕೆಲಸವನ್ನೇ ನಿಲ್ಲಿಸಿಬಿಟ್ಟರು. ಮಗುವಿನ ಆರತಿಗೆ ಸಾಲದೆ ಹೋದೀತೆಂದು ನನಗೆ ರಾತ್ರಿಯೆಲ್ಲ ಚಿಂತೆ. ಅದೃಷ್ಟಕ್ಕೆ ಬಿಸಿಲು ಮರಳಿತು, ಉಳಿದದ್ದನ್ನು ಮುಗಿಸಿದೆವು. ಹಬ್ಬದ ಹಿಂದಿನ ದಿನಕ್ಕೆ ಏನನ್ನೂ ಉಳಿಸಿಕೊಳ್ಳದೆ ಒಂದು ವಾರದ ಬಿಡುವು ಇಟ್ಟುಕೊಂಡೇ ಹೊರಡಬೇಕು. ಎರೆದ ಅಚ್ಚುಗಳನ್ನು ನೆರಳಿನಲ್ಲಿ ಒಂದು ದಿನ ಆರಿಸಿ, ಬಿಗಿಯಾದ ಡಬ್ಬಿಯಲ್ಲಿ ಕಾಗದ ಹಾಸಿ ಒಂದರ ಮೇಲೊಂದು ಒತ್ತದಂತೆ ಜೋಡಿಸಿಡಬೇಕು. ಆರುವಾಗ ಇರುವೆ ಬಾರದಂತೆ ತಟ್ಟೆಯನ್ನು ನೀರು ತುಂಬಿದ ದೊಡ್ಡ ತಾಂಬಾಳದ ನಡುವೆ ಬಟ್ಟಲಿನ ಮೇಲಿಟ್ಟಿದ್ದೆವು.

ಸುಟ್ಟಗಾಯದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಪಾಕ ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ನಾವು ಒಲೆ ಹಚ್ಚಿದಾಗಲೆಲ್ಲ ಮಗು ಇನ್ನೊಂದು ಕೋಣೆಯಲ್ಲಿ ಮಾವನವರ ಬಳಿ ಇರುತ್ತಿತ್ತು, ಅಡುಗೆಮನೆಯ ಬಾಗಿಲು ಮುಚ್ಚಿರುತ್ತಿತ್ತು. ಪಾಕ ಸಿಡಿದರೆ ತಕ್ಷಣ ನಲ್ಲಿಯ ಹರಿಯುವ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಎಣ್ಣೆ ಯಾವುದನ್ನೂ ಹಚ್ಚಬಾರದು. ಬೊಬ್ಬೆ ದೊಡ್ಡದಾದರೆ ವೈದ್ಯರ ಬಳಿಗೆ ಹೋಗಬೇಕು.

ಧಾರವಾಡದ ಕಡೆಯ ನೆರೆಮನೆಯವರು ನಮ್ಮ ಕೆಲಸ ನೋಡಲು ಬಂದವರು, ತಮ್ಮಲ್ಲಿ ಸಂಕ್ರಾಂತಿಗೆ ಕುಸುರೆಳ್ಳು ಮಾಡುವ ಬಗೆಯನ್ನು ವಿವರಿಸಿದರು. ಅಗಲವಾದ ಪಾತ್ರೆಯಲ್ಲಿ ಎಳ್ಳನ್ನು ಬೆಚ್ಚಗಿಟ್ಟು, ಸಕ್ಕರೆ ಪಾಕವನ್ನು ಚಮಚ ಚಮಚವಾಗಿ ಬಿಡುತ್ತಾ ಬೆರಳಿನಿಂದ ಆಡಿಸುತ್ತಾ ಹೋದರೆ, ಒಂದೊಂದು ಕಾಳಿನ ಸುತ್ತಲೂ ಸಕ್ಕರೆಯ ಸಣ್ಣ ಮುಳ್ಳುಗಳು ಏಳುತ್ತವೆ. ಅದಕ್ಕೆ ನಮ್ಮ ಅಚ್ಚಿಗಿಂತಲೂ ಹೆಚ್ಚಿನ ತಾಳ್ಮೆ ಬೇಕು. ಅವರು ಒಂದು ಬಟ್ಟಲು ಕುಸುರೆಳ್ಳನ್ನು ಕೊಟ್ಟರು, ನಾವು ಒಂದು ಗೋಪುರ ಮತ್ತು ಎರಡು ಹಂಸ ಕೊಟ್ಟೆವು.

ಖರ್ಚಿನ ಮಾತು ಕೇಳುವವರಿಗೆ: ಸಕ್ಕರೆ, ಹಾಲು, ನಿಂಬೆಗಳಿಗೆ ಆದದ್ದು ಅಲ್ಪ. ಬಡಗಿಯ ಕೂಲಿ, ಹೊಸ ಅಚ್ಚು, ಹಿಡಿಯಿರುವ ಬಾಣಲೆ ಇವಕ್ಕೇ ಹೆಚ್ಚು ಹಿಡಿಯಿತು. ಎಳ್ಳು ಬೆಲ್ಲದಲ್ಲಿ ಕೊಬ್ಬರಿಯೇ ದುಬಾರಿ. ಮೊದಲ ವರ್ಷ ಅಂಗಡಿಯ ಅಚ್ಚಿಗಿಂತ ಇದು ಅಗ್ಗವಾಗುವುದಿಲ್ಲ. ಹಣ ಉಳಿಸಲು ಇದನ್ನು ಮಾಡಬೇಡಿ. ಮನೆಯವರೆಲ್ಲ ಒಂದೆಡೆ ಸೇರಿ ಮಾಡುವ ಆಸೆಯಿದ್ದರೆ ಖಂಡಿತ ಮಾಡಿ.

ಹಬ್ಬದ ಸಂಜೆ ಆರತಿಯಾಗಿ, ಬಂದವರಿಗೆಲ್ಲ ಎಳ್ಳು ಬೆಲ್ಲ, ಕಬ್ಬು, ಬಾಳೆಹಣ್ಣಿನ ಜೊತೆಗೆ ಅಚ್ಚು ಕೊಟ್ಟೆವು. ಅತ್ತೆಯವರು ಪ್ರತಿಯೊಬ್ಬರಿಗೂ ಅವರಿಗೆ ಬೇಕಾದ ರೂಪವನ್ನು ಆರಿಸಿಕೊಳ್ಳಲು ಬಿಟ್ಟರು. ಮಕ್ಕಳ ಕೈಗೆ ಆನೆಗಳೇ ಹೋದವು, ಗೋಪುರಗಳು ಉಳಿದವು. ಆದ್ದರಿಂದ ಮಕ್ಕಳು ಹೆಚ್ಚಿರುವ ಬೀದಿಯವರು ಆನೆ, ಮೀನುಗಳನ್ನು ಜಾಸ್ತಿ ಎರೆದಿಟ್ಟುಕೊಳ್ಳಿ.

ಹಬ್ಬ ಮುಗಿದ ಮೇಲೂ ಒಂದು ಕೆಲಸವಿದೆ. ಅಚ್ಚುಗಳನ್ನು ಸಾಬೂನು ಮುಟ್ಟಿಸದೆ ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಹಾಕದೆ ಗಾಳಿಯಾಡುವ ನೆರಳಿನಲ್ಲಿ ಹಲವು ದಿನ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೀಳುತ್ತವೆ, ಹಸಿಯಾಗಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ನಮ್ಮವು ಈಗ ಒಣಗಿವೆ. ಪ್ರತಿ ಜೋಡಿಯ ಹೊರಬದಿಗೆ ಒಂದೇ ಅಂಕಿಯನ್ನು ಚಾಕುವಿನಿಂದ ಸಣ್ಣದಾಗಿ ಕೆತ್ತಿ, ಜೋಡಿಗಳನ್ನು ಕೂಡಿಸಿಯೇ ದಾರದಿಂದ ಕಟ್ಟಿ, ಒಣ ಬೇವಿನ ಎಲೆಯೊಂದಿಗೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದೇವೆ.